ಮಿಷನ್ ಎಣ್ಣೆ ಟೀಚರ್

ಮೊನ್ನೆ ಶಿವಮೊಗ್ಗದ ಒಂದು ಹೊಸ ಸೈಕಲ್ ಅಂಗಡಿಗೆ ನುಗ್ಗಿದ್ದೆ. ಕೊಳ್ಳುವುದಕ್ಕಲ್ಲ. ಒಳಗೆ ಎಸಿ ಇತ್ತು, ಹೊರಗೆ ಬಿಸಿಲಿತ್ತು, ಅಷ್ಟೇ. ಒಂದು ಗೋಡೆಯ ತುಂಬ ಬಾಟಲಿಗಳು. ಚೈನು ತೊಳೆಯುವುದಕ್ಕೆ ಒಂದು, ತೊಳೆದ ಚೈನಿಗೆ ಬಿಡುವುದಕ್ಕೆ ಇನ್ನೊಂದು, ಮಳೆಗಾಲಕ್ಕೆ ಬೇರೆ, ಬೇಸಗೆಗೆ ಬೇರೆ, ತುಕ್ಕು ತೆಗೆಯಲು, ಬಣ್ಣ ಹೊಳೆಯಲು, ಟೈರು ಕಪ್ಪಗಾಗಲು, ಕೊನೆಗೆ ಇಷ್ಟೆಲ್ಲ ಮಾಡಿ ಮಸಿಯಾದ ಕೈ ತೊಳೆಯಲೂ ಒಂದು. ಸೇಲ್ಸ್‌ಮನ್ ಹತ್ತಿರ ಬಂದು, "ಯಾವುದು ಕೊಡ್ಲಿ ಸರ್?" ಎಂದ. ನಾನು ಬಾಯಿ ತೆರೆದೆ. ಹೊರಬಂದ ದನಿ ನನ್ನದಲ್ಲ.

"ಇಷ್ಟೆಲ್ಲ ಬಾಟ್ಲಿ ಸೈಕಲ್ಲಿಗೇನಲೇ ತಮ್ಮಾ, ಇಲ್ಲಾ ಮದುಮಗಳಿಗೋ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಐವತ್ತು ದಾಟಿದ ಹೆಂಗಸಿನ, ತುಟಿಯ ಸಂದಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಾತಾಡುವ ದನಿ ಮೀಸೆ ಬಿಟ್ಟ ಹುಡುಗನೊಬ್ಬನ ಬಾಯಿಂದ ಬಂದರೆ ಯಾರಾದರೂ ನೋಡುತ್ತಾರೆ. ಸಾಮಾನ್ಯವಾಗಿ ಅಲ್ಲಿಗೆ ಚಪ್ಪಾಳೆ ಬೀಳುತ್ತದೆ, ನಾನು ಬಗ್ಗಿ ಕೈಮುಗಿಯುತ್ತೇನೆ. ಅವತ್ತು ಅದಾವುದೂ ಬೇಡವೆನಿಸಿ ಹೊರಗೆ ಬಂದು ಬಿಸಿಲಿನಲ್ಲೇ ನಿಂತೆ. ಟೀಚರ್ ತೀರಿಕೊಂಡ ಮೇಲೆ ಆ ದನಿ ನಾನು ಕರೆಯದೆ ತಾನಾಗಿ ಬಂದದ್ದು ಅದೇ ಮೊದಲು.

ನನ್ನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಶಿಕಾರಿಪುರದ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು. ಗಣಪತಿ ಕೂರಿಸಿದಾಗ, ಮದುವೆಗಳಲ್ಲಿ ಮಿಮಿಕ್ರಿ. ಹಗಲೂ ನಕಲು, ಸಂಜೆಯೂ ನಕಲು; ಇವನ ಅಸಲು ಎಲ್ಲಿಟ್ಟಿದ್ದಾನೋ ಎಂದು ನಮ್ಮವ್ವ ಆಗಾಗ ಹುಡುಕುತ್ತಿರುತ್ತಾಳೆ. ಆನವಟ್ಟಿ ಬಸ್ಸಿನ ಕಂಡಕ್ಟರು, ಕುರಿ ಸಾಕಿರುವ ನಮ್ಮ ಮಾವ, ಮಾವನ ಕುರಿ, ಆ ಕುರಿಗಿಂತ ಸ್ವಲ್ಪ ಹೆಚ್ಚು ಅರಚುವ ನಮ್ಮತ್ತೆ, ಎಲ್ಲರನ್ನೂ ಮಾಡುತ್ತೇನೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕುರಿ ಬಿಟ್ಟಿಲ್ಲ.

ಟೀಚರ್ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಶಾಲೆಯ ಟೀಚರಲ್ಲ, ಹೊಲಿಗೆ ಟೀಚರ್. ಸುತ್ತಲಿನ ಹಳ್ಳಿಗಳ ಮಹಿಳಾ ಸಂಘಗಳಲ್ಲಿ ರವಿಕೆ, ಲಂಗ, ಚೂಡಿದಾರ ಹೊಲಿಯುವುದನ್ನು ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಅಳತೆ ಸರಿ ಬರಲಿಲ್ಲ" ಎನ್ನುತ್ತಿದ್ದರು. ಕೇಳಿದವರು ಮುಂದಿನ ಪ್ರಶ್ನೆಯನ್ನು ನುಂಗಿಕೊಳ್ಳುತ್ತಿದ್ದರು, ಯಾಕೆಂದರೆ ಆ ಹೊತ್ತಿಗೆ ಟೀಚರ ಕೈಯಲ್ಲಿ ಕತ್ತರಿ ಇರುತ್ತಿತ್ತು.

ಹಳ್ಳಿಗಳಿಗೆ ಹೋಗುತ್ತಿದ್ದದ್ದು ಸೈಕಲ್ಲಿನ ಮೇಲೆ. ಸೆರಗನ್ನು ಸೊಂಟಕ್ಕೆ ಬಿಗಿದು, ಬೆನ್ನು ನೆಟ್ಟಗೆ ಮಾಡಿ, ಯಾರದೋ ಮದುವೆಯ ಫೋಟೋಕ್ಕೆ ಕೂತವರ ಹಾಗೆ ಕೂರುತ್ತಿದ್ದರು. ಹಿಂದಿನ ಕ್ಯಾರಿಯರಿನಲ್ಲಿ ಕತ್ತರಿ ಡಬ್ಬಿ. ಡಬ್ಬಿಯ ಪಕ್ಕ ಮೊಳಕ್ಕಿಂತ ತುಸು ಉದ್ದದ ಮರದ ಸ್ಕೇಲು. ಆ ಸ್ಕೇಲಿನಿಂದ ಅವರು ಬಟ್ಟೆ ಅಳೆದದ್ದಕ್ಕಿಂತ ನನ್ನ ಬೆನ್ನು ಅಳೆದದ್ದೇ ಹೆಚ್ಚು. ನನಗೆ ಮಂಗ್ಯಾ ಎಂದು ಹೆಸರಿಟ್ಟವರೂ ಅವರೇ. ನಾನು ಅವರ ಹಿಂದೆ ನಿಂತು ಅವರದೇ ದನಿಯಲ್ಲಿ, "ಏ ಮಂಗ್ಯಾ, ಬಾರಲೇ ಇಲ್ಲಿ" ಎನ್ನುವುದು, ಅವರು ತಿರುಗದೆಯೇ ಸ್ಕೇಲನ್ನು ಹಿಂದಕ್ಕೆ ಬೀಸುವುದು, ಅದು ಗುರಿ ತಪ್ಪದೆ ನನಗೆ ಬೀಳುವುದು, ಇದು ನಮ್ಮ ದಿನದ ನಮಸ್ಕಾರ.

ಅವರ ಸೈಕಲ್ಲಿಗೆ ಅಂಗಡಿಯ ಬಾಟಲಿ ಯಾವತ್ತೂ ಮುಟ್ಟಿದ್ದಿಲ್ಲ. ತೊಳೆಯಲು ನೊರೆಕಾಯಿ ನೆನೆಸಿದ ನೀರು. ಅದೇ ನೀರಲ್ಲಿ ಮೊದಲು ರೇಷ್ಮೆ ಸೀರೆ, ಆಮೇಲೆ ಸೈಕಲ್ಲು. ಚೈನು ಉಜ್ಜಲು ಸವೆದ ಹಲ್ಲುಜ್ಜುವ ಬ್ರಷ್ಷು, ತೆಂಗಿನ ಕರಟದಲ್ಲಿ ಒಂದಿಷ್ಟು ಡೀಸೆಲ್. ರೇಷನ್ನಿನ ಸೀಮೆಎಣ್ಣೆ ಸಿಗುತ್ತಿದ್ದ ಕಾಲವನ್ನು ಅವರು ಸತ್ತ ಗೆಳತಿಯನ್ನು ನೆನೆದ ಹಾಗೆ ನೆನೆಯುತ್ತಿದ್ದರು. ಒರೆಸಲು ರವಿಕೆ ಬಟ್ಟೆಯ ಚೂರುಗಳು, ಅದರಲ್ಲೂ ಲೈನಿಂಗ್ ಬಟ್ಟೆ, ಎಳೆ ಬಿಡುವುದಿಲ್ಲವಂತೆ. ರಿಮ್ಮಿಗೆ ಬೂದಿ, ಹುಣಸೆಹಣ್ಣು. ಸೀಟಿನ ಚರ್ಮಕ್ಕೆ ಹರಳೆಣ್ಣೆ. ಕೈಯ ಮಸಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಬ್ಬರಿ ಎಣ್ಣೆ. ಟೈರು ಹರಿದರೆ ಹಳೆಯ ಜೀನ್ಸ್ ಪ್ಯಾಂಟಿನ ತುಂಡನ್ನು ಒಳಗಿಟ್ಟು ದಬ್ಬಣದಿಂದ ಹೊಲಿದುಬಿಡುತ್ತಿದ್ದರು. ಇನ್ನು ಚೈನು, ಗಾಲಿಯ ನಡುವಿನ ಹಬ್ಬು, ಪೆಡಲು, ತಿರುಗುವುದೆಲ್ಲಕ್ಕೂ ಒಂದೇ ಮದ್ದು, ಹೊಲಿಗೆ ಮಿಷನ್ನಿನ ಎಣ್ಣೆ. ಉದ್ದ ಮೂಗಿನ ಪುಟ್ಟ ಎಣ್ಣೆ ಡಬ್ಬಿ ಹಿಡಿದು ಚೈನಿನ ಒಂದೊಂದು ಕೊಂಡಿಗೂ ಒಂದೊಂದು ಹನಿ, ಕೂಸಿಗೆ ಹಾಲು ಹಾಕಿದ ಹಾಗೆ.

"ತೊಳಿಯಾಕೆ ನೊರೆಕಾಯಿ, ಒರಸಾಕೆ ಬಟ್ಟೆ, ತಿರುಗೋದಕ್ಕೆ ಎಣ್ಣೆ. ನಾಕನೇದು ಅಂತ ಏನರೆ ಇದ್ರೆ ಅದು ಅಂಗಡಿಯೋನ ಹೊಟ್ಟೆಪಾಡು" ಎನ್ನುತ್ತಿದ್ದರು.

ಟೀಚರ್ ಹುಟ್ಟಾ ಜಾಣೆ ಎಂದು ತಿಳಿಯಬೇಡಿ. ಮಿಷನ್ ಎಣ್ಣೆಗೆ ಬರುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಚೈನಿನ ಮೇಲೆ ಮಗುಚಿದವರು. ಕಡ್ಲೆಕಾಯಿ ಎಣ್ಣೆ ಬಿಟ್ಟಾಗ ಚೈನು ರಸ್ತೆಯ ಧೂಳನ್ನೆಲ್ಲ ಅಂಟಿಸಿಕೊಂಡು ಹೋಳಿಗೆ ಹೂರಣದ ಹಾಗಾಯಿತು. ಒಮ್ಮೆ ಯಾರೋ ಕೊಟ್ಟ ತುಪ್ಪ ಕಮಟು ವಾಸನೆ ಬಂತೆಂದು ಚೆಲ್ಲಲು ಮನಸ್ಸಾಗದೆ ಅದನ್ನೂ ಬಿಟ್ಟರು. ಆ ಇಡೀ ವಾರ ನಮ್ಮ ಓಣಿಯ ನಾಯಿಗಳು ಅವರ ಸೈಕಲ್ಲನ್ನು ದೇವರ ಪಲ್ಲಕ್ಕಿಯ ಹಾಗೆ ಹಿಂಬಾಲಿಸಿದವು. ಒಂದು ನಾಯಿಯಂತೂ ಮನೆಬಾಗಿಲಲ್ಲೇ ಮಲಗಿ ಚೈನು ನೆಕ್ಕುತ್ತಿತ್ತು. "ತೊಳಿಯೋ ಕೆಲಸ ಉಳೀತಲ್ಲ" ಎಂದರು ಟೀಚರ್, ಮುಖ ಸಣ್ಣಗೆ ಮಾಡಿಕೊಂಡು.

ತುಕ್ಕಿಗೆ ಮಾತ್ರ ಅವರ ಮದ್ದು ಸೊರಬದಿಂದ ಬರುತ್ತಿತ್ತು. ಅಲ್ಲಿ ಅವರ ತಮ್ಮನ ಮನೆ. ತಮ್ಮ ವರ್ಷಕ್ಕೊಮ್ಮೆ ಹಳೆಯ ಎಣ್ಣೆ ಕ್ಯಾನಿನಲ್ಲಿ ಚೊಗರು ತರುತ್ತಿದ್ದರು. ಚೊಗರು ಎಂದರೆ ಅಡಿಕೆ ಬೇಯಿಸಿ ಉಳಿದ ಮಂದ ಕೆಂಪು ನೀರು. ಅದನ್ನು ತುಕ್ಕಿನ ಮೇಲೆ ಬಳಿದು ಬಿಟ್ಟರೆ ಕೆಂಪು ತುಕ್ಕು ಕಡುಗಪ್ಪಾಗಿ ಗಟ್ಟಿ ಕೂತುಬಿಡುತ್ತದೆ, ಮುಂದಕ್ಕೆ ಹರಡುವುದಿಲ್ಲ.

"ಅಡಿಕೆಗೆ ಬಣ್ಣ ಕಟ್ಟಕೆ ಇರದು ಮಾರಾಯ್ತಿ ಇದು. ನೀ ಸೈಕಲ್ಲಿಗೆ ಬಳೀತೀಯಲ್ಲ" ಎಂದು ತಮ್ಮ ಗೊಣಗುತ್ತಿದ್ದರು.

"ನಿನ್ನ ಅಡಿಕೆ ತಿಂದು ಮಂದಿ ಉಗುಳ್ತಾರ. ನನ್ನ ಸೈಕಲ್ ಉಗುಳ್ತತೇನು?"

ಅಕ್ಕ ಶಿಕಾರಿಪುರದ ಮಾತು, ತಮ್ಮ ಅಷ್ಟು ವರ್ಷ ಸೊರಬದಲ್ಲಿದ್ದು ಪೂರ್ತಿ ಆ ಕಡೆಯ ಮಾತು. ಇಬ್ಬರ ಜಗಳವನ್ನೂ ನಾನೊಬ್ಬನೇ ಆಡಿ ತೋರಿಸಿದರೆ ಇಬ್ಬರೂ ನಗುತ್ತಿದ್ದರು. ತಮ್ಮ ಪ್ರತಿ ಸಲ ಹೊರಡುವಾಗಲೂ ಒಂದೇ ಮಾತು: "ಸಾಕು ಅಕ್ಕಾ ಈ ತಿರುಗಾಟ. ಸೊರಬಕ್ಕೆ ಬಾ. ಎಂತಕೆ ಒಬ್ಬಳೇ?" ಟೀಚರ್ ಹಿಂದಿನ ಗಾಲಿಯನ್ನು ಎತ್ತಿ ಜೋರಾಗಿ ತಿರುಗಿಸಿ, ತಲೆ ವಾಲಿಸಿ, ಅದರ ಟಿಕಿಟಿಕಿ ಸದ್ದು ಕೇಳುತ್ತ ಕೂರುತ್ತಿದ್ದರು. ಸೈಕಲ್ಲಿನ ಆರೋಗ್ಯವನ್ನು ಅವರು ನೋಡುತ್ತಿದ್ದದ್ದು ಕಿವಿಯಿಂದ. ನಾನು ಆ ಸದ್ದನ್ನೂ ಮಾಡುತ್ತಿದ್ದೆ, ನಾಲಿಗೆಯನ್ನು ಅಂಗುಳಕ್ಕೆ ಬಡಿದು. "ಇದು ನನ್ನ ಸೈಕಲ್ಲಲ್ಲ. ನಂದು ಇನ್ನೊಂದೀಟು ಮೆತ್ತಗೆ" ಎಂದು ತಿದ್ದುತ್ತಿದ್ದರು.

ಒಂದು ಆಯುಧಪೂಜೆಯ ಬೆಳಿಗ್ಗೆ. ಓಣಿಯ ತುಂಬ ಬೈಕುಗಳು, ಟ್ರ್ಯಾಕ್ಟರು, ಒಂದು ಆಟೋ, ಎಲ್ಲಕ್ಕೂ ಚೆಂಡುಹೂವು. ಟೀಚರ್ ಕಟ್ಟೆಯ ಮೇಲೆ ಹೊಲಿಗೆ ಮಿಷನ್ನನ್ನೂ ಸೈಕಲ್ಲನ್ನೂ ಅಕ್ಕಪಕ್ಕ ನಿಲ್ಲಿಸಿ ಎಣ್ಣೆ ಬಿಡುತ್ತಿದ್ದರು. ಕುಂಕುಮ ಹ್ಯಾಂಡಲ್ಲಿಗೆ ಮಾತ್ರ, ಹಬ್ಬಿಗೆ ಹಚ್ಚಲು ಹೋದರೆ, "ಅದರ ಪುಡಿ ಬೇರಿಂಗಿನಾಗೆ ಹೋದ್ರೆ ದೇವರು ಬಂದು ತೆಗೀತಾನೇನು?" ಎಂದು ಕೈಗೆ ಹೊಡೆಯುತ್ತಿದ್ದರು. ನಾನು ಮೆಲ್ಲಗೆ ಹಿಂದೆ ಹೋಗಿ ನಿಂತು ನಮ್ಮ ದಿನದ ನಮಸ್ಕಾರ ಶುರುಮಾಡಿದೆ.

"ಏ ಮಂಗ್ಯಾ, ಬಾರಲೇ ಇಲ್ಲಿ."

ಸ್ಕೇಲು ಬರಲಿಲ್ಲ. ಓಣಿಯವರು ನೋಡುತ್ತಿದ್ದರು, ನನಗೆ ಹುರುಪು. ಇನ್ನಷ್ಟು ಜೋರಾಗಿ ಹೇಳಿದೆ. ಆಮೇಲೆ ಅವರ ಕೆಮ್ಮು, ಅವರ ಸೀನು, ಅವರು ಬಾಡಿಗೆಮನೆಯ ಯಜಮಾನಿಯ ಜೊತೆ ಮಾತಾಡುವಾಗಿನ ಸಕ್ಕರೆ ದನಿ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಟೀಚರ್ ನನ್ನಿಂದ ಒಂದು ಗೇಣು ದೂರದಲ್ಲಿ ಬಗ್ಗಿ, ಚೈನಿನ ಕೊಂಡಿಗೆ ಒಂದೊಂದೇ ಹನಿ ಬಿಡುತ್ತಿದ್ದರು, ಪ್ರಪಂಚದಲ್ಲಿ ಅವರೂ ಆ ಚೈನೂ ಇಬ್ಬರೇ ಇರುವ ಹಾಗೆ. ನನ್ನ ಬಾಯಿ ತಾನಾಗಿ ನಿಂತುಹೋಯಿತು. ಬೆನ್ನು ಹೊಡೆತಕ್ಕೆ ಕಾದು ಕಾದು ತಣ್ಣಗಾಗಿತ್ತು.

ಸಂಜೆ ಅವರೇ ನಮ್ಮ ಹಿತ್ತಲಿಗೆ ಬಂದರು. ಎರಡೂ ಕಿವಿಯಲ್ಲಿ ಹತ್ತಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯ ವಾಸನೆ.

"ಬೆಳಿಗ್ಗೆ ಏನೋ ಮಾಡ್ದೆಲ್ಲ ನೀನು. ತಿರುಗಿ ನೋಡಿದಾಗ ಮಂದಿ ಮುಖದಾಗೆ ನಗು ಇತ್ತು, ನಿನ್ನ ಮುಖದಾಗೆ ಇರಲಿಲ್ಲ. ಗೊತ್ತಾತೇನು?"

ನಾನು ತಲೆಯಾಡಿಸಿದೆ.

"ಎಡಗಿವಿ ಸಣ್ಣೋಳಿದ್ದಾಗಿಂದ ಸೋರ್ತಿತ್ತು. ಈಗ ಬಲದ್ದೂ ಹಂಗೇ ಆಗೈತಿ. ಯಾರಿಗೂ ಹೇಳಬ್ಯಾಡಲೇ. ಮೇಲಾಗಿ ನನ್ನ ತಮ್ಮಗೆ ಹೇಳಬ್ಯಾಡ. ಸೊರಬಕ್ಕೆ ಎತ್ಕೊಂಡು ಹೋಗ್ತಾನ."

ತಮ್ಮ ಒಳ್ಳೆಯವರಲ್ಲವೇ ಎಂದು ಕೈಸನ್ನೆ ಮಾಡಿದೆ.

"ಒಳ್ಳೇನು ಅಂತನೇ ಭಯ. ಕುರ್ಚಿ ಮ್ಯಾಲೆ ಕೂರಿಸ್ತಾರ. ಚಾ ತಂದು ಕೊಡ್ತಾರ. ಸಾಯೋಮಟ ತಂದು ಕೊಡ್ತಾರ." ಕಿವಿಯ ಹತ್ತಿ ಸರಿಮಾಡಿಕೊಂಡು, "ಸೈಕಲ್ ಬಿಡಿಸಿದ್ರೆ ನಾ ಉಳಿಯಲ್ಲ" ಎಂದರು. ಟೀಚರ ಬಾಯಿಂದ ತಮಾಷೆ ಇಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು. ಅದನ್ನು ನಾನು ಇವತ್ತಿಗೂ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಅವರನ್ನು ಶಿವಮೊಗ್ಗದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಿವಿಯ ತಮಟೆ ತೂತಾಗಿದೆ, ತಲೆಯ ಪಕ್ಕದಿಂದಲೇ ತೆಳುವಾದ ಪೊರೆ ತೆಗೆದು ಅಲ್ಲಿಗೆ ತೇಪೆ ಹಾಕಬಹುದು, ಕೇಳಿಸುವ ಸಾಧ್ಯತೆ ಇದೆ ಎಂದರು ಡಾಕ್ಟರು. ನಾನು ಅದನ್ನು ಕೈ, ಬಾಯಿ, ಕಣ್ಣುಗಳಲ್ಲಿ ಅಭಿನಯಿಸಿ ತೋರಿಸಿದೆ. ತೇಪೆ ಎಂದ ಕೂಡಲೇ ಟೀಚರ ಮುಖ ಅರಳಿತು. "ಯಾವ ಹೊಲಿಗೆ ಹಾಕ್ತಾರಂತೆ ಕೇಳು" ಎಂದರು. ಡಾಕ್ಟರು ನಕ್ಕರು. ಆಮೇಲೆ ಗಂಭೀರವಾಗಿ, "ಆದರೆ ಮೊದಲು ಸೋರುವುದು ನಿಲ್ಲಬೇಕು. ಒಂದು ಹನಿ ಎಣ್ಣೆ ಬೀಳಬಾರದು, ನೀರೂ ಬೀಳಬಾರದು. ಕಿವಿ ಪೂರ್ತಿ ಒಣಗಬೇಕು" ಎಂದರು.

ನಾನು ಒಣಗುವುದನ್ನು ಅಭಿನಯಿಸಿದೆ. ಟೀಚರ್ ನನ್ನನ್ನೇ ನೋಡಿದರು, ಆಮೇಲೆ ಡಾಕ್ಟರನ್ನು ನೋಡಿದರು. ಚೈನಿಗೆ ಮರಳು ಹಾಕು ಎಂದವನನ್ನು ನೋಡುವ ಹಾಗೆ ನೋಡಿದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತವರು ಸವಳಂಗ ದಾಟಿದ ಮೇಲೆ ಬಾಯಿ ಬಿಟ್ಟರು: "ಒಣಗಿದ್ದು ಯಾವತ್ತರೆ ಸರಿ ಕೆಲಸ ಮಾಡೈತೇನಲೇ?"

ಅಲ್ಲಿಂದ ತಿಂಗಳುಗಟ್ಟಲೆ ಇದೇ ಕತೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಕೆಲವು ದಿನ ಎಣ್ಣೆ ಮುಟ್ಟದೆ ಇರುತ್ತಿದ್ದರು. ಸೋರುವುದು ಕಡಿಮೆಯಾಗುತ್ತಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಬೆಳ್ಳುಳ್ಳಿ ಹೊಗೆ. ಓಡಿಹೋದರೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ತಲೆ ವಾಲಿಸಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಬೈದರೆ, "ಒಣಗಿದ್ರೆ ಒಳಗೆ ಗುಂಯ್ ಅಂತತಿ. ಇಡೀ ದಿನ ಗುಂಯ್. ಒಂದು ಹನಿ ಬಿಟ್ರೆ ಸುಮ್ಮನಾಗ್ತತಿ. ಏನು ಮಾಡ್ಲಿ ನಾನು, ಹೇಳು, ಏನು ಮಾಡ್ಲಿ?" ಎಂದು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಒಣಗಿದ್ದೆಲ್ಲ ಅಳುತ್ತದೆ, ಎಣ್ಣೆ ಬಿದ್ದದ್ದೆಲ್ಲ ಸುಮ್ಮನಾಗುತ್ತದೆ. ಜೀವಮಾನವಿಡೀ ಕೈ ಕಲಿತ ಪಾಠ ಅದು. ಕಿವಿ ಬೇರೆ, ಗಾಲಿ ಬೇರೆ ಎಂದು ಅವರ ತಲೆಗೆ ಗೊತ್ತಿತ್ತು. ಕೈ ಕೇಳುತ್ತಿರಲಿಲ್ಲ.

ನಾನೂ ಅವ್ವನೂ ಮಾತಾಡಿಕೊಂಡು ಅವರ ಮನೆಯ ಸೌಟು, ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬೆಳ್ಳುಳ್ಳಿ ಎಲ್ಲ ಎತ್ತಿ ನಮ್ಮ ಮನೆಗೆ ತಂದೆವು. ಟೀಚರ್ ತಡೆಯಲಿಲ್ಲ. "ಒಯ್ಯಿರಿ, ಒಯ್ಯಿರಿ, ನೀವಾದ್ರೂ ಒಗ್ಗರಣೆ ಹಾಕ್ಕೊಂಡು ಉಣ್ಣಿರಿ" ಎಂದರು. ಆ ವಾರವೆಲ್ಲ ಹೊಗೆ ಬರಲಿಲ್ಲ. ಸದ್ಯ ಗೆದ್ದೆವು ಎಂದುಕೊಂಡೆ. ವಾರದ ಕೊನೆಗೆ ಅವರ ಪಕ್ಕ ಕೂತು ಏನೋ ಹರಟೆ ಹೊಡೆಯುತ್ತಿದ್ದಾಗ ಕಿವಿಯ ಹತ್ತಿಯಿಂದ ವಾಸನೆ ಬಂತು. ಬೆಳ್ಳುಳ್ಳಿಯದಲ್ಲ. ಮಿಷನ್ ಎಣ್ಣೆಯದು.

ನಾನು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಆವತ್ತು ಅವ್ವ ಕೇಳಿದರೂ ಯಾರ ದನಿಯನ್ನೂ ಮಾಡಲಿಲ್ಲ.

ಆಮೇಲೆ ಬಲಗಿವಿಯಲ್ಲಿ ಉಳಿದಿದ್ದ ಚೂರೂ ಹೋಯಿತು. ಸೈಕಲ್ಲಿನ ಬೆಲ್ಲು ಬಾರಿಸಿ, ಅದು ನಿಜವಾಗಿ ಬಾರಿಸಿತೋ ಇಲ್ಲವೋ ಎಂದು ಬಟ್ಟಲಿನ ಮೇಲೆ ಬೆರಳಿಟ್ಟು ನೋಡಿಕೊಳ್ಳುತ್ತಿದ್ದರು. ಗಾಲಿ ತಿರುಗಿಸಿ ತಲೆ ವಾಲಿಸುತ್ತಿದ್ದರು, ಏನೂ ಬಾರದೆ ಹಾಗೇ ಕೂತಿರುತ್ತಿದ್ದರು. ಹೀಗಿರುವಾಗ ಒಂದು ದಿನ ಎರಡೂ ಕೈ ಮಸಿಯಾಗಿದ್ದರಿಂದ ಸ್ಕೇಲನ್ನು, ಗುಂಡುಸೂಜಿ ಕಚ್ಚುವ ಅಭ್ಯಾಸದಲ್ಲೇ, ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದರು. ಸ್ಕೇಲಿನ ಇನ್ನೊಂದು ತುದಿ ತಿರುಗುತ್ತಿದ್ದ ಗಾಲಿಯ ನಡುವಿನ ನಟ್ಟಿಗೆ ತಾಗಿತು. ಟೀಚರ್ ಕಲ್ಲಾದರು. ಗಾಲಿ ನಿಂತಿತು. ಮತ್ತೆ ತಿರುಗಿಸಿದರು, ಮತ್ತೆ ತಾಗಿಸಿದರು. ಕಣ್ಣಿಂದ ಬಳಬಳ ನೀರು.

"ಕೇಳ್ತೈತಲೇ," ಎಂದರು, ಸ್ಕೇಲು ಕಚ್ಚಿಕೊಂಡೇ. "ಹಲ್ಲಿನಾಗೆ ಕೇಳ್ತೈತಿ!"

ತಮಟೆ ಹೋದರೂ ಒಳಗಿನ ನರ ಚೆನ್ನಾಗಿದ್ದರೆ ಮೂಳೆಯ ಮೂಲಕ ಹೀಗೆ ಕೇಳುತ್ತದಂತೆ. ಡಾಕ್ಟರು ಆಮೇಲೆ ಹೇಳಿದರು. ಆ ಸಂಜೆ ಮಾತ್ರ ಅದು ನಮಗೆ ಪವಾಡ. ಟೀಚರ್ ಸ್ಕೇಲು ಕಚ್ಚಿಕೊಂಡು ಓಣಿಯಿಡೀ ಓಡಾಡಿದರು. ಹೊಲಿಗೆ ಮಿಷನ್ನು, ನಮ್ಮ ಗ್ರೈಂಡರು, ನೀರಿನ ಪಂಪು, ಎಲ್ಲದಕ್ಕೂ ತಾಗಿಸಿದ್ದೇ ತಾಗಿಸಿದ್ದು. ಕೊನೆಗೆ ನನ್ನ ಗಂಟಲಿಗೆ ತಾಗಿಸಿ, "ಮಾತಾಡು" ಎಂದರು. ನಾನು ಅವರದೇ ದನಿಯಲ್ಲಿ, "ಏ ಮಂಗ್ಯಾ" ಎಂದೆ.

"ಥೂ! ನನ್ನ ದನಿ ಇಷ್ಟು ಕೆಟ್ಟದೈತೇನಲೇ?"

ಆದರೆ ಸ್ಕೇಲು ತಾಗಿದ್ದು ಮಾತ್ರ ಕೇಳುತ್ತದೆ. ಹಿಂದಿನಿಂದ ಬರುವ ಲಾರಿ ಬಂದು ಸ್ಕೇಲಿಗೆ ತಾಗುವವರೆಗೆ ಕಾಯಲಾಗುವುದಿಲ್ಲ.

ಆನವಟ್ಟಿ ರಸ್ತೆಯಲ್ಲಿ ಅದು ಆಗಿಯೇ ಹೋಯಿತು. ಲಾರಿಯವನು ಹಾರನ್ನು ಒತ್ತಿದ್ದೇ ಒತ್ತಿದ್ದು, ಸೈಕಲ್ಲು ಪಕ್ಕಕ್ಕೆ ಸರಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನು ಬ್ರೇಕು ಹಾಕಿ ಸ್ಟಿಯರಿಂಗು ಎಳೆದ. ಲಾರಿ ಮಡ್‌ಗಾರ್ಡನ್ನು ಸವರಿತು, ಟೀಚರ್ ಗದ್ದೆಯ ಕೆಸರಿಗೆ ಬಿದ್ದರು. ಮೊಣಕಾಲು ತರಚಿತ್ತು, ಅಷ್ಟೇ. ಲಾರಿಯವನು ಇಳಿದು ಬಂದು, "ಕಿವಿ ಕೇಳಲ್ವೇನಮ್ಮಾ ನಿನಗೆ?" ಎಂದು ಕಿರುಚಿದನಂತೆ. ದಿನಕ್ಕೆ ಎಷ್ಟು ಜನರಿಗೆ ಆ ಮಾತು ಹೇಳುತ್ತಾನೋ ಪಾಪ. ಅವತ್ತು ಹಿಂದಿನ ಬಸ್ಸಿನಲ್ಲಿದ್ದ ಯಾರೋ ಸೊರಬದವರು ಅದನ್ನು ಕೇಳಿಸಿಕೊಂಡರು. ಮಾತು ಬಸ್ಸಿಗಿಂತ ಮೊದಲೇ ಸೊರಬ ಮುಟ್ಟಿತು.

ಮರುದಿನ ತಮ್ಮ ಬರುತ್ತಿದ್ದಾರೆಂದು ಫೋನು ಬಂತು. ಟೀಚರ್ ನನ್ನ ಕೈ ಹಿಡಿದುಕೊಂಡರು.

"ಅವನು ಹಿಂದೆ ನಿಂತು ಮಾತಾಡಿಸಿ ಪರೀಕ್ಷೆ ಮಾಡ್ತಾನ, ನಂಗೊತ್ತು. ಸಣ್ಣೋನಿದ್ದಾಗಿಂದ ಅವನ ಬುದ್ಧಿನೇ ಅಷ್ಟು. ನೀ ನನ್ನ ಎದುರಿಗೆ ಕೂತ್ಕ. ಅವನು ಏನಂತಾನೋ ಅದನ್ನ ಸದ್ದಿಲ್ದಂಗೆ ಮುಖದಾಗೆ ಮಾಡು. ದಿನಾ ಊರ ಮಂದಿ ಸಲುವಾಗಿ ಮಾಡ್ತೀಯಲ್ಲ, ಇವತ್ತೊಂದಿನ ನನ್ನ ಸಲುವಾಗಿ ಮಾಡಪ್ಪಾ."

ಮಾಡಿದೆ. ಟೀಚರ್ ಮಿಷನ್ನಿನ ಮುಂದೆ, ನಾನು ಅವರ ಎದುರು ಗುಂಡಿ ಹೊಲಿಯುವವನ ಹಾಗೆ. ತಮ್ಮ ಬಂದವರೇ ನಿರೀಕ್ಷಿಸಿದಂತೆ ಬೆನ್ನ ಹಿಂದೆ ನಿಂತರು.

"ಅಕ್ಕಾ, ಚಾ ಆತನಾ?"

ನಾನು ತುಟಿ ಚೂಪು ಮಾಡಿ ಊದಿ ಕುಡಿದೆ.

"ಆತು, ನಿಂಗೆ ಮಾಡ್ಲೇನು?" ಎಂದರು ಟೀಚರ್, ತಲೆ ಎತ್ತದೆ.

"ಚೊಗರು ತಂದಿದೀನಿ." ನಾನು ಒಗರು ನುಂಗಿದ ಮುಖ ಮಾಡಿದೆ. ಉತ್ತರ ಬಂತು: "ಕ್ಯಾನು ಒಳಗಿಡು, ನಾಯಿ ಚೆಲ್ತಾವ."

"ನಮ್ಮ ಎಮ್ಮೆ ಕರು ಹಾಕ್ತು." ನಾನು ಕಿವಿಯ ಮೇಲೆ ಎರಡು ಬೆರಳಿಟ್ಟು, ಕಣ್ಣು ದೊಡ್ಡದು ಮಾಡಿ, ದವಡೆ ಆಡಿಸಿ, ಆಮೇಲೆ ತೋಳಲ್ಲಿ ಪುಟ್ಟದೊಂದನ್ನು ತೂಗಿದೆ. ನನ್ನ ಜೀವಮಾನದ ಅತ್ಯುತ್ತಮ ಎಮ್ಮೆ ಅದು.

"ಗಂಡೋ ಹೆಣ್ಣೋ?" ಎಂದರು ಟೀಚರ್.

ತಮ್ಮ ತಬ್ಬಿಬ್ಬಾದರು. ಗೆದ್ದೇಬಿಟ್ಟೆವು ಎನಿಸಿತು. ಅವರು ಕಟ್ಟೆಯ ಮೇಲಿದ್ದ ಸೈಕಲ್ಲನ್ನೂ ಅದರ ಸೊಟ್ಟಗಾದ ಮಡ್‌ಗಾರ್ಡನ್ನೂ ನೋಡುತ್ತ ನಿಂತರು. ಆಮೇಲೆ ಪರೀಕ್ಷೆಗೆಂದಲ್ಲ, ಯಾರಿಗೂ ಅಲ್ಲ ಎನ್ನುವ ಹಾಗೆ, ತುಂಬ ಮೆಲ್ಲಗೆ ಹೇಳಿದರು:

"ಆ ಲಾರಿಯವ ಬ್ರೇಕ್ ಹಾಕದೆ ಹೋಗಿದ್ರೆ ನಾ ಎಂತ ಮಾಡ್ತಿದ್ದೆ ಅಕ್ಕಾ? ಅಪ್ಪ ಅಮ್ಮ ಹೋದಮೇಲೆ ನಂಗೆ ನೀನೇ ಅಲ್ದನಾ?"

ಟೀಚರ್ ನನ್ನ ಮುಖ ನೋಡುತ್ತಿದ್ದರು.

ಅದಕ್ಕೆ ನನ್ನ ಹತ್ತಿರ ಮುಖವಿರಲಿಲ್ಲ. ಊರಿನವರ ಮುಖಗಳನ್ನೆಲ್ಲ ಹಾಕಿಕೊಂಡು ಓಡಾಡುವ ನನಗೆ ಆ ಗಳಿಗೆಯಲ್ಲಿ ಒಂದೂ ಸಿಗಲಿಲ್ಲ. ಕಾದರು. ಮಿಷನ್ನಿನ ಸೂಜಿ ಬಟ್ಟೆಯಲ್ಲಿ ನಿಂತಿತ್ತು. ನನ್ನ ಕಣ್ಣಿಂದ ಏನಾದರೂ ಬಿದ್ದೀತೆಂದು ಹುಡುಕಿದರು. ಕೊನೆಗೆ ಊಹೆ ಮಾಡಿ, ನಗುತ್ತ ಹೇಳಿದರು:

"ಹೂಂ, ಆತು. ಊಟ ಮಾಡಿಕೊಂಡೇ ಹೋಗು."

ತಮ್ಮ ಅಲ್ಲೇ ಕಂಬಕ್ಕೊರಗಿ ಕುಸಿದು ಕೂತು ಅಳತೊಡಗಿದರು. ಟೀಚರಿಗೆ ಅದೂ ಕೇಳಲಿಲ್ಲ. ನನ್ನನ್ನು ನೋಡಿ, ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ ನೋಡಿದರು.

ಆ ವಾರವೇ ಸೊರಬಕ್ಕೆ ಹೋದರು. ಮಿಷನ್ನು ಗಾಡಿಗೆ ಏರಿತು. ಸೈಕಲ್ಲನ್ನು ಎತ್ತಲು ಹೋದಾಗ ಟೀಚರ್ ತಡೆದರು: "ಅದು ಈ ಮಂಗ್ಯಾನ ಹತ್ರ ಇರ್ಲಿ. ಅಲ್ಲಿಗೆ ತಂದ್ರೆ ಅದನ್ನೂ ಕುರ್ಚಿ ಮ್ಯಾಲೆ ಕೂರಿಸ್ತೀರಿ." ನನ್ನ ಕಡೆ ತಿರುಗಿ, "ಬಾಟ್ಲಿ ಗೀಟ್ಲಿ ತಂದ್ರೆ ನಂಗೆ ಗೊತ್ತಾಗ್ತತಿ" ಎಂದರು. ಸ್ಕೇಲು ಅವರ ಕಂಕುಳಲ್ಲಿತ್ತು.

ಸೊರಬಕ್ಕೆ ಆಗಾಗ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರು ಹೇಳಿದ ಹಾಗೇ ಜಗುಲಿಯಲ್ಲಿ ಕುರ್ಚಿ. ಹೇಳಿದ ಹಾಗೇ ಚಹಾ. ಯಾರೂ ಕೆಟ್ಟವರಲ್ಲ. ತಮ್ಮನ ಹೆಂಡತಿ ಅವರ ತಲೆ ಬಾಚುತ್ತಿದ್ದರು, ಕಿವಿಗೆ ಡಾಕ್ಟರ ಔಷಧಿ ಹಾಕುತ್ತಿದ್ದರು. ಮನೆಯವರು ಮೊದಮೊದಲು ಕಿರುಚಿ ಮಾತಾಡಿ, ಆಮೇಲೆ ಸುಸ್ತಾಗಿ ನಗುವುದಷ್ಟನ್ನೇ ಉಳಿಸಿಕೊಂಡಿದ್ದರು. ಟೀಚರ್ ಸ್ಕೇಲು ಕಚ್ಚಿಕೊಂಡು ಜಗುಲಿಯ ಕಂಬಕ್ಕೆ ತಾಗಿಸಿ ಕೂರುತ್ತಿದ್ದರು. ಒಳಗೆ ಮಿಕ್ಸಿ ತಿರುಗಿದ್ದು, ಬಾಗಿಲು ಬಡಿದದ್ದು ತಿಳಿಯುತ್ತದಂತೆ. ಪ್ರತಿ ಸಲ ಇನ್ನಷ್ಟು ತೆಳ್ಳಗಾಗಿರುತ್ತಿದ್ದರು.

ಕೊನೆಯ ಸಲ ಹೋದಾಗ ತಲೆನೋವೆಂದು ಮಲಗಿದ್ದರು. ನನ್ನನ್ನು ಕಂಡು ಎದ್ದು ಕೂತರು.

"ಸೈಕಲ್ ಹೆಂಗೈತಿ?"

ಹೆಬ್ಬೆರಳು ಎತ್ತಿ ತೋರಿಸಿದೆ. ಅವರಿಗೆ ಅದು ಸಾಲಲಿಲ್ಲ. ಸ್ಕೇಲಿನ ಒಂದು ತುದಿ ಕಚ್ಚಿ, ಇನ್ನೊಂದನ್ನು ನನ್ನ ಗಂಟಲಿಗೆ ಒತ್ತಿ, ಹೂಂ ಎಂದು ಹುಬ್ಬು ಹಾರಿಸಿದರು.

ನಾನು ಗಾಲಿಯ ಸದ್ದು ಮಾಡಿದೆ. ಈ ಸಲ ತಮಾಷೆಗೆಂದು ಏನನ್ನೂ ಸೇರಿಸಲಿಲ್ಲ. ದಿನಾ ಕೆರೆಯ ಇಳಿಜಾರಿನಲ್ಲಿ ಪೆಡಲು ತುಳಿಯುವುದು ಬಿಟ್ಟಾಗ ಹಿಂದಿನ ಗಾಲಿ ಹೇಗೆ ಹಾಡುತ್ತದೋ ಹಾಗೆ, ಉಸಿರು ಮುಗಿಯುವವರೆಗೆ. ಟೀಚರ್ ಕಣ್ಣು ಮುಚ್ಚಿದ್ದರು. ಹೊದಿಕೆಯ ಕೆಳಗೆ ಪಾದಗಳು ಮೆಲ್ಲಗೆ ಆಡುತ್ತಿದ್ದವು.

ಆಮೇಲೆ ಸ್ಕೇಲು ತೆಗೆದರು.

"ಹಿಂದಿನ ಗಾಲಿ ಒಣಗೈತಲೋ. ಟಿಕಿಟಿಕಿ ಹಿಂದೆ ಕಿರ್ ಅಂತತಿ. ಎಣ್ಣೆ ಬಿಡು."

ನನಗೆ ಸಿಟ್ಟೇ ಬಂತು. ನಾನು ಕಿರ್ ಎಂದೇ ಇರಲಿಲ್ಲ. ಕಾಯಿಲೆಯವರ ಜೊತೆ ವಾದವೇಕೆಂದು ನಕ್ಕು ಬಂದುಬಿಟ್ಟೆ. ಮರುದಿನ ಬೆಳಿಗ್ಗೆ ಸುಮ್ಮನೆ ಗಾಲಿ ಎತ್ತಿ ತಿರುಗಿಸಿದೆ. ಟಿಕಿಟಿಕಿಯ ಹಿಂದೆ, ಕೂದಲೆಳೆಯಷ್ಟು ಸಣ್ಣಗೆ, ಕಿರ್. ನನ್ನ ಗಂಟಲು ಅದನ್ನು ಎಂದೋ ಕಲಿತುಕೊಂಡಿತ್ತು. ನನಗೇ ಹೇಳಿರಲಿಲ್ಲ.

ಮಿಷನ್ ಎಣ್ಣೆ ಬಿಟ್ಟೆ, ಲೈನಿಂಗ್ ಬಟ್ಟೆಯಲ್ಲಿ ಒರೆಸಿದೆ. ಕಿರ್ ಹೋಯಿತು. ಭಾನುವಾರ ಹೋಗಿ ಹೊಸ ಸದ್ದು ಕೇಳಿಸಬೇಕೆಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಅಭ್ಯಾಸವನ್ನೂ ಮಾಡಿದೆ. ಪಹಣಿಗೆ ಬಂದವರು ಮಿಷನ್ನು ಕೆಟ್ಟಿದೆಯೇ ಎಂದು ಕೇಳಿದರು. ಭಾನುವಾರಕ್ಕೆ ಮುಂಚೆಯೇ ತಮ್ಮನ ಫೋನು ಬಂತು.

"ಅಕ್ಕ ಹೋದ್ಲು ಮಾರಾಯ."

ಕಿವಿಯ ಕೀವು ಒಳಗೆ ಮಿದುಳಿನವರೆಗೆ ಏರಿತ್ತಂತೆ. ಮಣ್ಣು ಮುಗಿದ ಮೇಲೆ ತಮ್ಮ ಸ್ಕೇಲನ್ನು ನನ್ನ ಕೈಗಿತ್ತು, "ಇದನ್ನ ನೋಡಕೆ ಆಗಲ್ಲ ನನ್ನ ಹತ್ರ" ಎಂದರು.

ಮೊನ್ನೆ ಆ ಬಾಟಲಿ ಗೋಡೆಯ ಅಂಗಡಿಯಿಂದ ಊರಿಗೆ ಬಂದವನೇ ಸೈಕಲ್ಲನ್ನು ಕಟ್ಟೆಗೆ ತಂದೆ. ನೊರೆಕಾಯಿ ನೀರಲ್ಲಿ ತೊಳೆದೆ, ಕರಟದಲ್ಲಿ ಡೀಸೆಲ್ಲು ಹಾಕಿ ಚೈನು ಉಜ್ಜಿದೆ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟೆ. ಆಮೇಲೆ ಸ್ಕೇಲು ತಂದೆ. ಒಂದು ತುದಿಯಲ್ಲಿ ಅವರ ಹಲ್ಲಿನ ಗುರುತುಗಳಿವೆ. ನನ್ನ ಹಲ್ಲು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಕಚ್ಚಿ, ಇನ್ನೊಂದು ತುದಿಯನ್ನು ಹಿಂದಿನ ಗಾಲಿಯ ನಡುವಿಗೆ ತಾಗಿಸಿ ತಿರುಗಿಸಿದೆ. ಟಿಕಿಟಿಕಿ ತಲೆಬುರುಡೆಯೊಳಗೇ ಬಂತು. ಅದರಡಿಯಲ್ಲಿ ಇನ್ನೊಂದು ಸದ್ದು, ಹಿಂದೆ ಇಲ್ಲದ್ದು, ಮಂದವಾಗಿ, ಗೊರ್ ಎನ್ನುವ ಹಾಗೆ. ಕಿವಿಗೊಟ್ಟರೆ ಹೊರಗೆ ಕೇಳುವುದಿಲ್ಲ, ಹಲ್ಲಿಗೆ ಮಾತ್ರ ಸಿಗುತ್ತದೆ. ನಾನು ಸ್ಕೇಲು ತೆಗೆದು ಅದನ್ನು ಬಾಯಲ್ಲಿ ಮಾಡಿ ನೋಡಿದೆ. ಮತ್ತೆ ಕಚ್ಚಿ ಕೇಳಿ, ಮತ್ತೆ ಮಾಡಿದೆ. ಮೂಲಕ್ಕೂ ನಕಲಿಗೂ ಒಂದಿಷ್ಟೂ ವ್ಯತ್ಯಾಸವಿಲ್ಲದಷ್ಟು ಸರಿಯಾಯಿತು.

ಅವ್ವ ಬಾಗಿಲಿಗೆ ಬಂದಳು. "ಏನಲೇ ಅದು ಸದ್ದು?"

"ಟೀಚರ್ ಸೈಕಲ್ಲು."

"ಏನಾಗೈತಂತೆ ಅದಕ್ಕೆ?"

ನಾನು ಇನ್ನೊಂದು ಸಲ ಮಾಡಿ ತೋರಿಸಿದೆ.

"ಗೊತ್ತಿಲ್ಲವ್ವಾ."